ಜಾಲರಿ, ಕಲ್ಲು ಮತ್ತು ಒಂದು ಲೋಟ ಹಾಲು

ಇಲ್ಲಿ ಬರೆಯದೆ ಹತ್ತಿರ ಹತ್ತಿರ ಮೂರು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು, ಮತ್ತೊಂದು ರಿಲೀಸು ಅಂತ ಎಂದಿನ ನೆಪಗಳು ಇದ್ದೇ ಇವೆ. ಆದರೆ ಈ ಸಲ ಒಂದು ಗಟ್ಟಿಯಾದ ನೆಪವೂ ಇದೆ. ಅಕ್ಷರಶಃ ಗಟ್ಟಿ. ನಾಲ್ಕು ಮಿಲಿಮೀಟರಿನ ಒಂದು ಕಲ್ಲು.

ರಾತ್ರಿ ಎರಡು ಗಂಟೆಗೆ ಶುರುವಾದ ನೋವು ಹೇಗಿತ್ತು ಅಂತ ವರ್ಣಿಸುವುದಕ್ಕೆ ಹೋಗುವುದಿಲ್ಲ. ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ಕೂತರೆ ಆಗದು, ಮಲಗಿದರೆ ಆಗದು, ಗೋಡೆ ಹಿಡಿದು ನಿಂತರೂ ಆಗದು. ರೂಮ್‌ಮೇಟ್ ಆಟೋ ಹಿಡಿದು ಆಸ್ಪತ್ರೆಗೆ ಹಾಕಿದ. ಇಂಜೆಕ್ಷನ್ ಕೊಟ್ಟ ಮೇಲೆ ಜೀವ ಬಂತು. ಡಾಕ್ಟರು ಸ್ಕ್ಯಾನ್ ನೋಡಿ, ಚಿಕ್ಕದು, ತಾನಾಗೇ ಹೋಗುತ್ತೆ ಅಂತ ಒಂದೇ ಮಾತು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅವರ ತಪ್ಪಲ್ಲ, ಆ ರಾತ್ರಿ ಸಾಲಾಗಿ ಏಳೆಂಟು ಜನ ಇದ್ದೆವು.

ಉಳಿದದ್ದನ್ನೆಲ್ಲ ಹೇಳಿದ್ದು ನೈಟ್ ಡ್ಯೂಟಿಯಲ್ಲಿದ್ದ ಸಿಸ್ಟರ್. ಹಾಸನದ ಕಡೆಯ ಮಾತು. "ಸಾರ್, ಮನೇಲಿ ಟೀ ಸೋಸೋ ಜಾಲರಿ ಇದ್ಯಾ? ಹಳೇದೊಂದು ಬಾತ್‌ರೂಮಿಗೆ ಇಟ್ಕೊಳಿ. ಪ್ರತಿ ಸಲ ಅದ್ರಲ್ಲೇ ಸೋಸಿ. ಕಲ್ಲು ಸಿಕ್ರೆ ಎಸೀಬೇಡಿ, ಡಬ್ಬೀಲಿ ಹಾಕಿ ತನ್ನಿ, ಯಾವ ಜಾತಿ ಕಲ್ಲು ಅಂತ ನೋಡ್ಬೇಕು. ನೋವು ಬಂದಾಗ ಬಿಂದಿಗೆಗಟ್ಲೆ ನೀರು ಕುಡಿದ್ರೆ ಕಲ್ಲು ಕೊಚ್ಕೊಂಡು ಹೋಗಲ್ಲ, ದಿನಾ ಕುಡೀಬೇಕು. ಆಮೇಲೆ ಇದೊಂದು ಮರೀಬೇಡಿ: ಚಳಿಜ್ವರ ಬಂತು ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಬಂದ್ಬಿಡಿ." ದಾರಿ ಕಟ್ಟಿದ ಕಿಡ್ನಿಯಲ್ಲಿ ಸೋಂಕು ಸೇರಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಬರುತ್ತದೆ ಅಂತ ಆಮೇಲೆ ಓದಿ ತಿಳಿದೆ.

ನಾಲ್ಕು ದಿನ ಜಾಲರಿ ಹಿಡಿದು ಕಾದೆ. ಕಾಯುವ ಕೆಲಸದಲ್ಲಿ ಓದುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಈ ಕಲ್ಲನ್ನು ಕತ್ತರಿಸಿ ತೆಗೆದವರ ಚರಿತ್ರೆ ಎಲ್ಲ ಕಡೆ ಇದೆ. ಆದರೆ ತೆಗೆದ ಮೇಲೆ, ಅಥವಾ ತೆಗೆಯದೇ ಇದ್ದಾಗ, ಆ ಮನುಷ್ಯನ ಪಕ್ಕ ಕೂತು ಹೀಗೆ ಮಾಡು, ಹೀಗೆ ಮಾಡಬೇಡ ಅಂತ ಹೇಳಿದವರು ಯಾರು? ಅದನ್ನು ಹುಡುಕಿಕೊಂಡು ಹೋದೆ.

ಕಲ್ಲಿನ ವಯಸ್ಸು ಮೊದಲು ಹೇಳಿಬಿಡುತ್ತೇನೆ. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ 1901ರಲ್ಲಿ ಒಬ್ಬ ಹದಿಹರೆಯದ ಹುಡುಗನ ಅಸ್ಥಿಗಳ ನಡುವೆ ಮೂತ್ರಕೋಶದ ಕಲ್ಲು ಸಿಕ್ಕಿತು. ಸುಮಾರು ಏಳು ಸಾವಿರ ವರ್ಷ ಹಳೆಯದು. ಅದನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದರು. 1941ರಲ್ಲಿ ಜರ್ಮನ್ ಬಾಂಬು ಬಿದ್ದು ನಾಶವಾಯಿತು. ಏಳು ಸಾವಿರ ವರ್ಷ ಕರಗದ ಕಲ್ಲಿಗೆ ಎಂಥ ಗತಿ ನೋಡಿ.

ನಿಜವಾಗಿ ನನ್ನನ್ನು ಹಿಡಿದು ಕೂರಿಸಿದ್ದು ಸುಶ್ರುತ ಸಂಹಿತೆ. ಸುಶ್ರುತ ಅಂದರೆ ಮೂಗು ಜೋಡಿಸಿದವನು ಅಂತ ಸ್ಕೂಲಿನಲ್ಲಿ ಓದಿದ್ದಷ್ಟೇ. ಅವನ ಗ್ರಂಥದಲ್ಲಿ ಅಶ್ಮರಿಗೆ, ಅಂದರೆ ಕಲ್ಲಿಗೆ, ಎರಡು ಅಧ್ಯಾಯಗಳೇ ಇವೆ. ನಿದಾನಸ್ಥಾನದಲ್ಲಿ ಒಂದು, ಚಿಕಿತ್ಸಾಸ್ಥಾನದಲ್ಲಿ ಒಂದು. ಮೊದಲು ಔಷಧ ಕೊಟ್ಟು ನೋಡು, ಆಗದಿದ್ದರೆ ಮಾತ್ರ ಶಸ್ತ್ರ ಎನ್ನುತ್ತಾನೆ. ಶಸ್ತ್ರಕ್ಕೆ ಹೋಗುವ ಮುನ್ನ ಅಧಿಪತಿಯ ಅನುಮತಿ ಕೇಳಬೇಕು. ಕಾರಣವನ್ನೂ ಮುಚ್ಚಿಡುವುದಿಲ್ಲ: ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಸಂಶಯ. ನಾವು ಈಗ ಓದದೆ ಸಹಿ ಹಾಕುವ ಕನ್ಸೆಂಟ್ ಫಾರ್ಮಿನ ಮುತ್ತಜ್ಜ ಇದೇ ಇರಬೇಕು.

ಆಮೇಲೆ ಬರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಮಂಡಿಯೆತ್ತರದ ಹಲಗೆಯ ಮೇಲೆ ಬಲಶಾಲಿಯಾದ, ಎದೆಗೆಡದ ಒಬ್ಬ ಮನುಷ್ಯ ಮೊದಲು ಕೂರಬೇಕು. ಅವನ ತೊಡೆಯ ಮೇಲೆ ರೋಗಿಯ ಮೈಯ ಮೇಲ್ಭಾಗವನ್ನು ಮಲಗಿಸಬೇಕು. ವೈದ್ಯನ ಕೈಚಳಕದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನನಗೆ ಕಾಡಿದವನು ಈ ತೊಡೆ ಕೊಟ್ಟವನು. ಅರಿವಳಿಕೆ ಇಲ್ಲದ ಕಾಲ. ಆ ಕೂಗು ಅವನ ಕಿವಿಯ ಪಕ್ಕದಲ್ಲೇ. ಅವನು ಅಲುಗಾಡಿದರೆ ಮುಗಿಯಿತು. ಪರಿಚಾರಕ ಹೇಗಿರಬೇಕು ಅಂತ ಸುಶ್ರುತ ಬೇರೆ ಕಡೆ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ಪ್ರೀತಿಯುಳ್ಳವನು, ಅಸಹ್ಯ ಪಡದವನು, ಶಕ್ತಿವಂತ, ರೋಗಿಯನ್ನು ಕಾಯುವುದರಲ್ಲಿ ಗಮನವಿಟ್ಟವನು, ವೈದ್ಯ ಹೇಳಿದ್ದನ್ನು ಮಾಡುವವನು, ದಣಿಯದವನು. ವೈದ್ಯ, ಔಷಧ, ರೋಗಿ ಇವರ ಜೊತೆಗೆ ಚಿಕಿತ್ಸೆಯ ನಾಲ್ಕನೆಯ ಕಾಲು ಅವನು. ಅಸಹ್ಯ ಪಡದವನು ಅನ್ನುವುದನ್ನು ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಬೇಕು ಅಂತ ಹೊಳೆಯಬೇಕಾದರೆ ವಾರ್ಡಿನಲ್ಲಿ ಎಷ್ಟು ದಿನ ಕಳೆದಿರಬೇಕು!

ಕಲ್ಲು ತೆಗೆಯುವಾಗ ಒಂದು ಚೂರೂ ಉಳಿಯಬಾರದು, ಪುಡಿ ಉಳಿದರೂ ಅದೇ ಮತ್ತೆ ಬೆಳೆಯುತ್ತದೆ ಎಂದಿದ್ದಾನೆ. ಈಗಿನ ಯೂರಾಲಜಿಸ್ಟುಗಳೂ ಉಳಿದ ಚೂರುಗಳ ಬಗ್ಗೆಯೇ ತಲೆ ಕೆಡಿಸಿಕೊಳ್ಳುವುದು. ತೆಗೆದ ಮೇಲೆ ರೋಗಿಯನ್ನು ಬಿಸಿನೀರಿನ ದೋಣಿಯಂಥ ತೊಟ್ಟಿಯಲ್ಲಿ ಕೂರಿಸಬೇಕು, ಮೂತ್ರಕೋಶದಲ್ಲಿ ರಕ್ತ ತುಂಬದ ಹಾಗೆ. ಮೂರು ದಿನ ತುಪ್ಪ ಸೇರಿಸಿದ ಗಂಜಿ. ಆಮೇಲೆ ಹತ್ತು ದಿನ ಬೆಲ್ಲ ಹಾಕಿದ ಹಾಲು, ಮೆತ್ತಗಿನ ಅನ್ನ. ಗಾಯ ವಾಸಿಯಾದ ಮೇಲೂ ಒಂದು ವರ್ಷ ಕುದುರೆ ಹತ್ತಬಾರದು, ಆನೆ ಹತ್ತಬಾರದು, ಮರ ಬೆಟ್ಟ ಹತ್ತಬಾರದು, ರಥದಲ್ಲಿ ಹೋಗಬಾರದು, ಈಜಬಾರದು, ಸ್ತ್ರೀಸಂಗ ಬೇಡ, ಜೀರ್ಣಕ್ಕೆ ಭಾರವಾದ ಊಟ ಬೇಡ. ಇದು ಡಿಸ್ಚಾರ್ಜ್ ಶೀಟ್ ಅಲ್ಲದೆ ಇನ್ನೇನು? ಆನೆಯ ಜಾಗದಲ್ಲಿ ಬೈಕು ಅಂತ ಬರೆದರೆ ಇವತ್ತಿಗೂ ನಡೆಯುತ್ತದೆ. :-)

ಅತ್ತ ಗ್ರೀಸಿನಲ್ಲಿ ಹಿಪೊಕ್ರೆಟಿಸ್‌ನ ಹೆಸರಿನ ಪ್ರತಿಜ್ಞೆಯಲ್ಲಿ ವೈದ್ಯ ತಾನು ಕಲ್ಲಿಗೆ ಕತ್ತಿ ಹಾಕುವುದಿಲ್ಲ, ಅದನ್ನು ಅದೇ ಕಸುಬಿನವರಿಗೆ ಬಿಡುತ್ತೇನೆ ಅಂತ ಆಣೆ ಮಾಡುತ್ತಾನೆ. ಬಿಟ್ಟದ್ದರ ಫಲ ಎಂದರೆ ಯುರೋಪಿನಲ್ಲಿ ನೂರಾರು ವರ್ಷ ಈ ಕೆಲಸ ಬಹುಪಾಲು ಊರೂರು ತಿರುಗುವ ಕಲ್ಲು ಕತ್ತರಿಸುವವರ ಪಾಲಾಯಿತು. ಸಂತೆಗೆ ಬಂದ, ಕತ್ತರಿಸಿದ, ದುಡ್ಡು ತೆಗೆದುಕೊಂಡ, ಮುಂದಿನ ಊರಿಗೆ ಹೋದ. ಗಾಯ ಕೀವಾದಾಗ ಅವನು ಅಲ್ಲಿರುತ್ತಿರಲಿಲ್ಲ. ಆರೈಕೆ ಎಂಬುದು ಹೆಂಡತಿ, ತಾಯಿ, ಅಕ್ಕತಂಗಿಯರ ಪಾಲಿಗೆ. ಬೇಸತ್ತವರೂ ಇದ್ದರು. ಆಮ್‌ಸ್ಟರ್‌ಡ್ಯಾಮಿನ ಯಾನ್ ಡಿ ಡೂಟ್ ಎಂಬ ಕಮ್ಮಾರ 1651ರಲ್ಲಿ ತಾನೇ ಮಾಡಿದ ಚಾಕುವಿನಿಂದ ತನ್ನ ಕಲ್ಲನ್ನು ತಾನೇ ತೆಗೆದುಕೊಂಡ. ಕೋಳಿಮೊಟ್ಟೆಯಷ್ಟು ದೊಡ್ಡದು. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕಲ್ಲು ಹಿಡಿದು ನಿಂತ ಅವನ ವರ್ಣಚಿತ್ರ ಲೈಡನ್ನಿನಲ್ಲಿದೆ.

ನನಗೆ ತುಂಬ ಹತ್ತಿರವಾದವನು ಫ್ರಾನ್ಸಿನ ಮೊಂಟೇನ್. ಪ್ರಬಂಧ ಎಂಬ ಪ್ರಕಾರವನ್ನೇ ಹುಟ್ಟುಹಾಕಿದವನು, ಹಾಗಾಗಿ ನಾವು ಇಲ್ಲಿ ಬರೆದುಕೊಂಡು ಕೂರುವುದಕ್ಕೂ ಒಂದು ಲೆಕ್ಕದಲ್ಲಿ ಅವನೇ ಹೊಣೆ. ಅವನ ಅಪ್ಪನಿಗೆ ಕಲ್ಲು ಇತ್ತು, ಅದರಲ್ಲೇ ನರಳಿ ಹೋದ. ನಲವತ್ತು ದಾಟಿದ ಮೇಲೆ ಮಗನಿಗೂ ಬಂತು. ಡಾಕ್ಟರುಗಳನ್ನು ಕಂಡರೆ ಅವನಿಗೆ ಆಗದು. 1580ರಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಹುಡುಕಿಕೊಂಡು ಜರ್ಮನಿ, ಇಟಲಿ ಕಡೆ ಹೊರಟ. ಆ ಪ್ರವಾಸದ ದಿನಚರಿಯಲ್ಲಿ ಏನು ಬರೆದಿದ್ದಾನೆ ಗೊತ್ತೇ? ಇವತ್ತು ಎಷ್ಟು ಲೋಟ ನೀರು ಕುಡಿದೆ, ಎಷ್ಟು ಮೂತ್ರ ಹೋಯಿತು, ಅದರ ಬಣ್ಣ ಏನು, ಮರಳು ಬಂತೇ, ಕಲ್ಲು ಬಂತೇ. ನನ್ನ ಹಾಸಿಗೆಯ ತುದಿಗೆ ತೂಗುಹಾಕಿದ್ದ ಚಾರ್ಟಿನಲ್ಲಿ ಸಿಸ್ಟರ್ ಎರಡು ಗಂಟೆಗೊಮ್ಮೆ ತುಂಬುತ್ತಿದ್ದದ್ದೂ ಅದನ್ನೇ! ಲುಕ್ಕಾದ ಹತ್ತಿರದ ಸ್ನಾನಘಟ್ಟದಲ್ಲಿ ಹೀಗೆ ಲೆಕ್ಕ ಬರೆಯುತ್ತಿರುವಾಗಲೇ 1581ರಲ್ಲಿ ಅವನಿಗೆ ನೀನು ಬೋರ್ಡೋ ನಗರದ ಮೇಯರ್ ಆಗಿದ್ದೀಯ ಅಂತ ಸುದ್ದಿ ಬಂತು. ದಿನಚರಿ ಮಾತ್ರ ಪೆಟ್ಟಿಗೆಯೊಂದರಲ್ಲಿ ಬಿದ್ದಿದ್ದು, ಅಚ್ಚಾದದ್ದು 1774ರಲ್ಲಿ.

ಇನ್ನೊಬ್ಬ ದಿನಚರಿಕಾರ ಲಂಡನ್ನಿನ ಸ್ಯಾಮ್ಯುಯೆಲ್ ಪೆಪಿಸ್. 1658ರ ಮಾರ್ಚ್ 26ರಂದು ಅವನಿಗೆ ಶಸ್ತ್ರಕ್ರಿಯೆ ಆಯಿತು. ಆಗ ಅವನಿಗೆ 25 ವರ್ಷ, ನನಗಿಂತ ಚಿಕ್ಕವನು. ಆದದ್ದು ಆಸ್ಪತ್ರೆಯಲ್ಲಲ್ಲ, ಸಂಬಂಧಿ ಜೇನ್ ಟರ್ನರ್ ಅವಳ ಮನೆಯಲ್ಲಿ. ಮಾಡಿದವನು ಸೇಂಟ್ ಥಾಮಸ್ ಆಸ್ಪತ್ರೆಯ ಥಾಮಸ್ ಹಾಲಿಯರ್. ಬದುಕಿಕೊಂಡ ಪೆಪಿಸ್ ಪ್ರತಿ ವರ್ಷ ಆ ದಿನ ಊಟ ಹಾಕಿಸುವ ಸಂಕಲ್ಪ ಮಾಡಿದ. 1664ರಲ್ಲಿ 25 ಶಿಲಿಂಗ್ ಖರ್ಚು ಮಾಡಿ ಆ ಕಲ್ಲಿಗೊಂದು ಡಬ್ಬಿಯನ್ನೂ ಮಾಡಿಸಿದ.

ಇದು ಎಲ್ಲರೂ ತಮಾಷೆಗೆ ಹೇಳುವ ಕಥೆ. ಇದರ ಮುಂದಿನ ಭಾಗ ಅಷ್ಟು ತಮಾಷೆಯದಲ್ಲ. ಪೆಪಿಸ್‌ನ ಗೆಳೆಯ ಜಾನ್ ಎವೆಲಿನ್‌ಗೆ ರಿಚರ್ಡ್ ಅಂತ ತಮ್ಮ ಇದ್ದ. ಅವನಿಗೂ ಕಲ್ಲು, ಶಸ್ತ್ರಕ್ರಿಯೆಗೆ ಹೆದರಿಕೆ. 1669ರಲ್ಲಿ ಎವೆಲಿನ್ ಪೆಪಿಸ್‌ನನ್ನು ತಮ್ಮನ ಹತ್ತಿರ ಕರೆದುಕೊಂಡು ಹೋದ. ಟೆನಿಸ್ ಚೆಂಡಿನಷ್ಟು ದೊಡ್ಡ ಕಲ್ಲು ತೋರಿಸಿ, ನೋಡಪ್ಪ, ನಾನು ಬದುಕಿದ್ದೇನೆ ಅಂತ ಧೈರ್ಯ ಹೇಳಲಿ ಎಂದು. ರಿಚರ್ಡ್ ಒಪ್ಪಲಿಲ್ಲ. ಮರುವರ್ಷ ತೀರಿಕೊಂಡ. ದೇಹ ಕೊಯ್ದು ನೋಡಿದಾಗ ಅವನ ಕಲ್ಲು ಜಾಯಿಕಾಯಿಗಿಂತ ಹೆಚ್ಚು ದೊಡ್ಡದಿರಲಿಲ್ಲ ಅಂತ ಎವೆಲಿನ್ ಬರೆದಿದ್ದಾನೆ. ಟೆನಿಸ್ ಚೆಂಡನ್ನು ನೋಡಿ ರಿಚರ್ಡ್‌ಗೆ ಧೈರ್ಯ ಬಂತೋ, ಇದ್ದದ್ದೂ ಹೋಯಿತೋ ಅಂತ ನನಗೆ ಅನುಮಾನ. ಹೆದರಿದವನಿಗೆ ಏನು ತೋರಿಸಬೇಕು, ಏನು ಹೇಳಬೇಕು ಅನ್ನುವುದು ಎಷ್ಟು ಸೂಕ್ಷ್ಮದ ಕೆಲಸ! ಪೆಪಿಸ್ ಮಾತ್ರ ಗಟ್ಟಿಗ, 1703ರವರೆಗೆ ಬದುಕಿದ. ಸತ್ತ ಮೇಲೆ ನೋಡಿದರೆ ಎಡಗಿಡ್ನಿಯಲ್ಲಿ ಮತ್ತೆ ಏಳು ಕಲ್ಲು.

ಹೆದರಿಕೆ ಇದ್ದಲ್ಲಿ ಮದ್ದು ಮಾರುವವರೂ ಇರುತ್ತಾರೆ. ಜೊಆನಾ ಸ್ಟೀಫನ್ಸ್ ಎಂಬಾಕೆ ಕತ್ತರಿಸದೆಯೇ ಕಲ್ಲು ಕರಗಿಸುವ ಗುಟ್ಟು ತನಗೆ ಗೊತ್ತು ಎಂದಳು. 1739ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಐದು ಸಾವಿರ ಪೌಂಡು ಕೊಟ್ಟು ಆ ಗುಟ್ಟನ್ನು ಕೊಂಡುಕೊಂಡಿತು. ಗುಟ್ಟು ಏನಪ್ಪಾ ಅಂದರೆ ಸುಟ್ಟ ಮೊಟ್ಟೆ ಚಿಪ್ಪು, ಸುಟ್ಟ ಬಸವನಹುಳು, ಒಂದಿಷ್ಟು ಸೊಪ್ಪು, ಜೇನು ಮತ್ತು ಸೋಪು. ಹೌದು, ಮೈಗೆ ಹಚ್ಚುವ ಸೋಪೇ. ಪ್ರಧಾನಿಯಾಗಿದ್ದ ರಾಬರ್ಟ್ ವಾಲ್‌ಪೋಲ್ ಕೂಡ ಸೋಪಿನ ಮದ್ದು ನುಂಗಿದವನೇ. ನಗಬೇಡಿ. ನನ್ನ ಕಲ್ಲಿನ ಸುದ್ದಿ ಆಫೀಸಿನಲ್ಲಿ ಹರಡಿದ ಅರ್ಧ ಗಂಟೆಯೊಳಗೆ ಮೂರು ಜನ ಬಿಯರ್ ಕುಡಿ ಎಂದರು, ಒಬ್ಬರು ಟೊಮೇಟೊ ಬೀಜದಿಂದಲೇ ಆಗಿದ್ದು ಎಂದರು. ಟೊಮೇಟೊ ಪಾಪದ್ದು, ಅದರಲ್ಲಿ ಆಕ್ಸಲೇಟ್ ಕಡಿಮೆ. ಅಜ್ಜಿ ಮಾತ್ರ ಬಾಳೆದಿಂಡು, ಹುರುಳಿಕಟ್ಟು ಎಂದಳು. ಹುರುಳಿಕಟ್ಟಿನ ಸಾರನ್ನು ಕಲ್ಲಿಲ್ಲದಿದ್ದರೂ ಕುಡಿಯುವವನು ನಾನು, ಹಾಗಾಗಿ ಆ ಬಗ್ಗೆ ವಾದ ಮಾಡಲಿಲ್ಲ.

ಶಸ್ತ್ರದ ಕಥೆಯನ್ನು ಬೇಗ ಮುಗಿಸುತ್ತೇನೆ. ಲಂಡನ್ನಿನ ಚೆಸೆಲ್ಡನ್ 1727ರ ಹೊತ್ತಿಗೆ ಈ ಆಪರೇಷನ್ನನ್ನು ಒಂದು ನಿಮಿಷದೊಳಗೆ ಮಾಡಿ ಮುಗಿಸುವ ಮಟ್ಟಕ್ಕೆ ತಂದ. 1824ರಲ್ಲಿ ಪ್ಯಾರಿಸಿನ ಸಿವಿಯಾಲ್ ಕತ್ತರಿಸದೆ ಮೂತ್ರದ್ವಾರದ ಮೂಲಕ ಉಪಕರಣ ತೂರಿಸಿ ಕಲ್ಲನ್ನು ಪುಡಿ ಮಾಡಿದ. ಅದಕ್ಕಿಂತ ದೊಡ್ಡದು ಅವನು ಮಾಡಿದ ಇನ್ನೊಂದು ಕೆಲಸ: ಲೆಕ್ಕ ಕೂಡಿದ. ಕತ್ತರಿಸಿದವರಲ್ಲಿ ನೂರಕ್ಕೆ ಸುಮಾರು 19 ಜನ ಸತ್ತಿದ್ದರು, ಪುಡಿ ಮಾಡಿಸಿಕೊಂಡವರಲ್ಲಿ ಸುಮಾರು 2. 1835ರಲ್ಲಿ ಅಂಕಿಅಂಶ ಇಟ್ಟುಕೊಂಡು ಚಿಕಿತ್ಸೆಯನ್ನು ಅಳೆಯಬಹುದೇ ಅಂತ ಪ್ಯಾರಿಸಿನ ಪಂಡಿತರು ಜಗಳವಾಡಿದ್ದಕ್ಕೆ ಇದೇ ಕಾರಣ. ಡೇಟಾ ಎಂದರೆ ಕಿವಿ ನಿಮಿರಿಸುವ ನಮ್ಮಂಥವರು ಈ ಸಿವಿಯಾಲ್‌ಗೆ ಒಂದು ನಮಸ್ಕಾರ ಹಾಕಬೇಕು. ನಮ್ಮ ದೇಶದಲ್ಲಿ ಇಂದೋರಿನ ಕೀಗನ್ ಎಂಬ ಸರ್ಜನ್ 1880ರ ದಶಕದಲ್ಲಿ ಚಿಕ್ಕ ಹುಡುಗರಿಗೂ ಹೀಗೇ ಪುಡಿ ಮಾಡಿ ತೆಗೆಯಬಹುದು ಎಂದು ತೋರಿಸಿದ.

ಚಿಕ್ಕ ಹುಡುಗರು ಎಂದೆನಲ್ಲ, ಅಲ್ಲೊಂದು ವಿಚಿತ್ರವಿದೆ. ಹಳೆಯ ಕಾಲದ ಕಲ್ಲು ಹೆಚ್ಚಾಗಿ ಮೂತ್ರಕೋಶದ್ದು, ಹೆಚ್ಚಾಗಿ ಮಕ್ಕಳದ್ದು. ಸುಶ್ರುತನೂ ಹಾಗೇ ಬರೆದಿದ್ದಾನೆ, ರೋಮಿನ ಸೆಲ್ಸಸ್ ಕೂಡ 9ರಿಂದ 14 ವರ್ಷದ ಹುಡುಗರಿಗೇ ಈ ಶಸ್ತ್ರ ಎಂದ. ಹಾಲು, ಮಾಂಸ ಕಡಿಮೆಯಾಗಿ ಬರೀ ಧಾನ್ಯದ ಊಟ ತಿನ್ನುವ ಬಡಮಕ್ಕಳ ಕಾಯಿಲೆ ಅದು. ಇಂಗ್ಲೆಂಡಿನ ನಾರ್ವಿಚ್ ಆಸ್ಪತ್ರೆ ಇಂಥ ಕಲ್ಲುಗಳ ಸಂಗ್ರಹಕ್ಕೇ ಹೆಸರಾಗಿತ್ತು. ಥಾಯ್ಲೆಂಡಿನ ಉಬೊನ್ ಸೀಮೆಯಲ್ಲಿ 1960ರ ದಶಕದಲ್ಲಿ ನೋಡಿದಾಗ, ಅಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಎದೆಹಾಲಿನ ಜೊತೆ ಅಂಟಕ್ಕಿ ಅನ್ನ ತಿನ್ನಿಸುತ್ತಿದ್ದದ್ದು ಕಂಡುಬಂತು. ಊಟ ಸುಧಾರಿಸಿದ ಕಡೆಯೆಲ್ಲ ಮಕ್ಕಳ ಮೂತ್ರಕೋಶದ ಕಲ್ಲು ಮಾಯವಾಯಿತು. ಅದರ ಜಾಗಕ್ಕೆ ಬಂದದ್ದು ದೊಡ್ಡವರ ಕಿಡ್ನಿಯ ಕಲ್ಲು. ಏಸಿ ರೂಮಿನಲ್ಲಿ ಬಾಯಾರಿಕೆಯೂ ಗೊತ್ತಾಗದೆ ಹತ್ತು ಗಂಟೆ ಕೂರುವ, ಚಿಪ್ಸ್ ತಿನ್ನುವ ನನ್ನ ಜಾತಿಯ ಕಲ್ಲು.

ಅದನ್ನು ತೆಗೆಯುವುದಕ್ಕೆ ವಿಮಾನದ ಕಂಪನಿ ಬರಬೇಕಾಯಿತು. ಜರ್ಮನಿಯ ಡಾರ್ನಿಯರ್‌ನವರು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆ ಅಂತ ನೋಡುತ್ತಿದ್ದಾಗ ಆಘಾತದ ಅಲೆಗಳ ಹಿಂದೆ ಬಿದ್ದರು. ದೀರ್ಘವೃತ್ತಕ್ಕೆ ಎರಡು ನಾಭಿ, ಒಂದರಿಂದ ಹೊರಟ ಅಲೆ ಇನ್ನೊಂದರಲ್ಲಿ ಸೇರುತ್ತದೆ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ಆಕಾರದ ಬಟ್ಟಲಿನಲ್ಲಿ ಒಂದು ನಾಭಿಯಲ್ಲಿ ಕಿಡಿ, ಇನ್ನೊಂದು ನಾಭಿಯಲ್ಲಿ ಕಲ್ಲು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಮಾಡಿದರು. ಅಲೆ ಮೈಯೊಳಗೆ ಹೋಗುವುದಕ್ಕೆ ಆ ರೋಗಿಯನ್ನು ಕೂರಿಸಿದ್ದು ನೀರಿನ ತೊಟ್ಟಿಯಲ್ಲಿ. ಸುಶ್ರುತನ ದೋಣಿ ನೆನಪಾಗಿ ಒಬ್ಬನೇ ನಕ್ಕೆ.

ಈಗ ಹಾಲಿನ ವಿಷಯ. ಇದಕ್ಕಾಗಿಯೇ ಇಷ್ಟು ಬರೆದದ್ದು.

ನಮ್ಮಪ್ಪನಿಗೂ ಹಿಂದೆ ಕಲ್ಲು ಆಗಿತ್ತು. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡ ಪೇಪರನ್ನು ಕೊನೇ ಪುಟದವರೆಗೆ ಓದುವ ಅಪ್ಪನಿಗೆ ಅದು ಬರೀ ಗೀಚು. ಬಾಗಿಲಲ್ಲಿ ಯಾರೋ ಬಾಯಲ್ಲಿ ಹೇಳಿದರಂತೆ: ಇದು ಕ್ಯಾಲ್ಸಿಯಂ ಕಲ್ಲು, ಹಾಲು ಮೊಸರು ರಾಗಿ ಬಿಟ್ಟುಬಿಡಿ. ಅಷ್ಟೇ. ಅಪ್ಪ ಬಿಟ್ಟರು. ಹುಟ್ಟಿದಾಗಿನಿಂದ ಮುದ್ದೆ ಮಜ್ಜಿಗೆ ಉಂಡವರು ಒಂಬತ್ತು ವರ್ಷ ಎರಡನ್ನೂ ಮುಟ್ಟಲಿಲ್ಲ. ಉಪ್ಪಿನಕಾಯಿ ಬಿಡಿ, ಉಪ್ಪು ಕಡಿಮೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಸಪ್ಪೆ ಊಟಕ್ಕೆ ಉಪ್ಪಿನಕಾಯಿ ಇನ್ನೊಂದು ಚೂರು ಜಾಸ್ತಿಯೇ ಆಯಿತು. ಮೂರು ವರ್ಷದಲ್ಲಿ ಮತ್ತೆ ಕಲ್ಲು.

ಆ ಸಲಹೆ ಒಂದು ಕಾಲದಲ್ಲಿ ಎಲ್ಲ ಕಡೆ ಕೊಡುತ್ತಿದ್ದದ್ದೇ. ಕೇಳುವುದಕ್ಕೆ ಸರಿಯಾಗಿಯೇ ಇದೆಯಲ್ಲ, ಕಲ್ಲಿನಲ್ಲಿ ಕ್ಯಾಲ್ಸಿಯಂ ಇದ್ದರೆ ಕ್ಯಾಲ್ಸಿಯಂ ತಿನ್ನಬೇಡಿ. ಆದರೆ 1993ರಲ್ಲಿ ಅಮೆರಿಕದ ಕರ್ಹನ್ ಮತ್ತು ಸಂಗಡಿಗರು 45 ಸಾವಿರಕ್ಕೂ ಹೆಚ್ಚು ಗಂಡಸರ ಊಟದ ಲೆಕ್ಕ ನೋಡಿದಾಗ ಉಲ್ಟಾ ಬಂತು. ಊಟದಲ್ಲಿ ಹೆಚ್ಚು ಕ್ಯಾಲ್ಸಿಯಂ ಇದ್ದವರಿಗೇ ಕಲ್ಲು ಕಡಿಮೆ. ಕಾರಣ ಸರಳ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹಾಲು ಬಿಟ್ಟರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. 2002ರಲ್ಲಿ ಇಟಲಿಯ ಬೋರ್ಗಿ ಇದನ್ನು ಪರೀಕ್ಷೆಗೇ ಇಟ್ಟರು. ಪದೇ ಪದೇ ಕಲ್ಲಾಗುವ 120 ಗಂಡಸರಲ್ಲಿ ಅರ್ಧ ಜನರಿಗೆ ಕ್ಯಾಲ್ಸಿಯಂ ಕಡಿಮೆಯ ಪಥ್ಯ, ಉಳಿದರ್ಧಕ್ಕೆ ಮಾಮೂಲಿ ಕ್ಯಾಲ್ಸಿಯಂ ಇಟ್ಟು ಉಪ್ಪು, ಮಾಂಸ ಕಡಿಮೆ. ಐದು ವರ್ಷದಲ್ಲಿ ಮೊದಲ 60 ಜನರಲ್ಲಿ 23 ಜನರಿಗೆ ಮತ್ತೆ ಕಲ್ಲು, ಎರಡನೆಯ 60ರಲ್ಲಿ 12 ಜನರಿಗೆ. ಇದೇ ಬೋರ್ಗಿಯವರು 1996ರಲ್ಲಿ ನೀರಿನದ್ದೂ ನೋಡಿದ್ದರು. ಹೆಚ್ಚು ನೀರು ಕುಡಿಯಲು ಹೇಳಿದ ಗುಂಪಿನಲ್ಲಿ ಐದು ವರ್ಷಕ್ಕೆ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು, ಏನೂ ಹೇಳದೆ ಬಿಟ್ಟವರಲ್ಲಿ 27. ಎಷ್ಟು ಕುಡಿದಿರಿ ಅನ್ನುವುದಕ್ಕಿಂತ ಎಷ್ಟು ಹೊರಗೆ ಹೋಯಿತು ಅನ್ನುವುದು ಲೆಕ್ಕ, ದಿನಕ್ಕೆ ಎರಡರಿಂದ ಎರಡೂವರೆ ಲೀಟರ್. ಮೊಂಟೇನ್ ಬರೆದುಕೊಂಡದ್ದು ಸುಮ್ಮನೆ ಅಲ್ಲ.

ಅಂದರೆ ಅಪ್ಪ ಮಜ್ಜಿಗೆ ಬಿಟ್ಟಾಗ ಅದು ತಪ್ಪು ಅನ್ನುವುದು ಎಷ್ಟೋ ವರ್ಷದ ಹಿಂದೆಯೇ ಅಚ್ಚಾಗಿತ್ತು. ನಮ್ಮೂರ ಬಸ್‌ಸ್ಟ್ಯಾಂಡಿನವರೆಗೆ ಅದು ಬಂದಿರಲಿಲ್ಲ. ಬರುವುದಕ್ಕೆ ಬೇಕಾಗಿದ್ದದ್ದು ಹತ್ತು ನಿಮಿಷ ಸಮಯ ಮತ್ತು ಕನ್ನಡ. ಆ ಹೊತ್ತಿಗೆ ಅಪ್ಪನ ಪಕ್ಕದಲ್ಲೇ ನಿಂತಿದ್ದು, ಇಂಗ್ಲಿಷ್ ಬರುತ್ತಿದ್ದೂ, ಆ ಕಾಗದವನ್ನು ಪೂರ್ತಿ ಓದದೆ ಫೈಲಿಗೆ ಹಾಕಿದವನು ನಾನೇ. ಈಗ ತೆಗೆದು ನೋಡಿದೆ. ಅದರಲ್ಲಿ ಹಾಲಿನ ಸುದ್ದಿಯೇ ಇಲ್ಲ. ಕಡಿಮೆ ಉಪ್ಪು, ಹೆಚ್ಚು ನೀರು ಅಂತ ಸ್ಪಷ್ಟವಾಗಿ ಟೈಪಾಗಿದೆ.

ಹಾಲಿಯರ್ ಇದ್ದ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ಶಾಲೆ ತೆರೆದಳು. ಅಲ್ಲಿಂದ ಹರಿದು ಬಂದ ಒಂದು ಕವಲು, ಹಾಸನದ ಮಾತಾಡುತ್ತಾ, ನನಗೆ ಜಾಲರಿ ಹಿಡಿಯಲು ಹೇಳಿಕೊಟ್ಟಿತು ಅಂತ ಯೋಚಿಸಿದರೆ ಒಂಥರಾ ಆಗುತ್ತದೆ. ಚೆಕಪ್ಪಿಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅಪ್ಪನ ರಿಪೋರ್ಟುಗಳನ್ನೂ ನೋಡಿ ಹಾಲು ಮಜ್ಜಿಗೆ ಧಾರಾಳವಾಗಿ ತಗೊಳ್ಳಿ ಎಂದರು. ಅಪ್ಪ ನಂಬಲಿಲ್ಲ. ಹೊರಗೆ ಬಂದ ಮೇಲೆ ಆ ಸಿಸ್ಟರ್ ಕಾರಿಡಾರಿನಲ್ಲೇ ಕೂರಿಸಿಕೊಂಡು, "ಯಜಮಾನ್ರೇ, ಊಟದ ಜೊತೇಲೇ ಮಜ್ಜಿಗೆ ಕುಡೀರಿ, ಅದು ಹೊಟ್ಟೇಲೇ ಕಲ್ಲಿನ ಅರ್ಧ ಸಾಮಾನು ಹಿಡ್ಕೊಂಡು ಹೋಗ್ಬಿಡುತ್ತೆ. ಉಪ್ಪಿನಕಾಯಿ ಜಾಡಿ ಮಾತ್ರ ಅಟ್ಟದ ಮೇಲೆ ಇಡ್ಸಿ" ಎಂದರು. ಅಪ್ಪ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಉತ್ತರ ಸಿಕ್ಕಿತು.

ನನ್ನ ಕಲ್ಲು ಐದನೇ ದಿನ ಬೆಳಗ್ಗೆ ಜಾಲರಿಗೆ ಬಿತ್ತು. ಕಂದು ಬಣ್ಣ, ಮೈತುಂಬ ಮುಳ್ಳು, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಕ್ಯಾಲ್ಸಿಯಂ ಆಕ್ಸಲೇಟ್ ಅಂತ ರಿಪೋರ್ಟು ಬಂತು. ಪರೀಕ್ಷೆಗೆ ಅದನ್ನು ಪುಡಿ ಮಾಡಿಬಿಟ್ಟಿದ್ದರು, ಹಾಗಾಗಿ ಪೆಪಿಸ್‌ನ ಹಾಗೆ ಡಬ್ಬಿ ಮಾಡಿಸುವ ಖರ್ಚು ಉಳಿಯಿತು. ಕಳೆದ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಹೇಳಿದಳು, ಅಪ್ಪ ಮುದ್ದೆಗೆ ಮಜ್ಜಿಗೆ ಕೇಳಿದರಂತೆ, ಎರಡನೇ ಸಲವೂ ಹಾಕಿಸಿಕೊಂಡರಂತೆ.